ವರ್ದಾರ್ ದಡದ ಚುಕ್ಕೆ

ಇಸ್ತಾಂಬುಲ್‌ನ ಒಂದು ಕಲ್ಲಚ್ಚಿನ ಮನೆಯಲ್ಲಿ ನಶಾತ್ ಎಫೆಂದಿ ಇಪ್ಪತ್ತೆರಡು ವರ್ಷ ನಕ್ಷೆ ಬರೆದ. ಕಾಗದದ ಮೇಲೆ ಅಚ್ಚು ಸರಿಯಾಗಿ ಮೂಡಬೇಕಾದರೆ ಕಲ್ಲಿನ ಮೇಲೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿ ಬರೆಯಬೇಕು. ಮನೆಯಲ್ಲೂ ಒಮ್ಮೊಮ್ಮೆ ತನ್ನ ಹೆಸರನ್ನು ಹಾಗೆಯೇ ಬರೆದು ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

1913ರ ಬೇಸಿಗೆಯಲ್ಲಿ, ಶಾಲೆಗಳಿಗೆಂದು ಸಾಮ್ರಾಜ್ಯದ ಚರಿತ್ರೆಯ ಏಳು ನಕ್ಷೆಗಳ ಕೆಲಸ ಬಂತು. ಮೊದಲ ಹಾಳೆಯಲ್ಲಿ ಸಾಮ್ರಾಜ್ಯದ ಹಸಿರು ಬಣ್ಣ ಹೆಬ್ಬೆರಳಿನಷ್ಟು. ನಾಲ್ಕನೆಯದರಲ್ಲಿ ವಿಯೆನ್ನಾದ ಬಾಗಿಲಿನಿಂದ ಯೆಮೆನ್‌ವರೆಗೆ. ಏಳನೆಯದರಲ್ಲಿ, ಆಗಷ್ಟೇ ಯುದ್ಧದಲ್ಲಿ ಕೈತಪ್ಪಿದ, ಪಶ್ಚಿಮದ ರುಮೇಲಿ ಸೀಮೆ ಬಹುಪಾಲು ಬಿಳಿ. ವರ್ದಾರ್ ನದಿಯ ದಡದ ಇಂಜೆಸು ಆ ಬಿಳಿಯಲ್ಲಿತ್ತು. ನಶಾತ್ ಹುಟ್ಟಿದ ಊರು. ಎರಡು ವರ್ಷದ ಕೂಸಾಗಿದ್ದಾಗ ಬಿಟ್ಟುಬಂದವನಿಗೆ ಅದರ ನೆನಪಿರಲಿಲ್ಲ.

ಸೋದರತ್ತೆ ಗುಲ್‌ಸುಮ್‌ಗೆ ಇತ್ತು. ಯುದ್ಧದ ಚಳಿಗಾಲದಲ್ಲಿ ಎತ್ತಿನ ಗಾಡಿಯಲ್ಲಿ ಓಡಿಬಂದು, ಕೆಲವು ವಾರ ಮಸೀದಿಯ ಅಂಗಳದಲ್ಲಿ ಮಲಗಿ, ಈಗ ಅವನ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಬುತ್ತಿ ತಂದವಳು ಅಚ್ಚಾದ ಹಾಳೆಯೊಂದರ ಮುಂದೆ ನಿಂತಳು. ಓದು ಬಾರದವಳು.

"ನಮ್ಮೂರೆಲ್ಲೋ ಇದ್ರಲ್ಲಿ?"

"ಈ ಗೆರೆ ನದಿ, ಅತ್ತೆ. ಕೆಳಗಡೆ ಸಮುದ್ರ. ಗೆರೆಯ ಬಲಕ್ಕಿರೋ ಈ ಚುಕ್ಕೆ ಇಂಜೆಸು."

"ಸೂರ್ಯ ಯಾವ ಕಡೆ ಹುಟ್ತಾನೆ?"

"ಬಲಗಡೆ."

"ಹಂಗಾದ್ರೆ ತಪ್ಪು ಬರ್ದಿದೀಯ. ನಮ್ಮನೆ ಬಾಗ್ಲು ತೆಗುದ್ರೆ ಸೂರ್ಯ ನದಿ ಮೇಲೆ ಹುಟ್ತಿದ್ದ. ನೀನು ಊರ್ನೇ ಎತ್ಕೊಂಡೋಗಿ ಆಚೆ ದಡದಲ್ಲಿ ಕೂರ್ಸಿದೀಯ."

ಅಚ್ಚಿನಮನೆಯ ಯಜಮಾನ ಓನ್ನಿಕ್ ನಕ್ಕ. "ಅಮ್ಮಾ, ನೀವು ಕಲ್ಲು ನೋಡಿರ್ಬೇಕು. ಅದ್ರಲ್ಲಿ ಎಲ್ಲಾ ಉಲ್ಟಾನೇ."

"ಕಲ್ಲಲ್ಲಪ್ಪ, ಕಾಗ್ದಾನೇ ನೋಡಿದ್ದು. ನಲವತ್ತು ವರ್ಷ ಆ ನೀರು ಹೊತ್ತಿದೀನಿ."

ನಶಾತ್ ಹಳೆಯ ನಕ್ಷೆಗಳನ್ನೆಲ್ಲ ಹರವಿಕೊಂಡ. ಎಲ್ಲದರಲ್ಲೂ ಊರು ಪೂರ್ವದ ದಡದಲ್ಲಿತ್ತು. ಎಲ್ಲವೂ ಒಂದನ್ನೊಂದು ನೋಡಿ ಬರೆದಂಥವು. ನಿರಾಶ್ರಿತರು ಕೂರುವ ಕಾಫಿ ಅಂಗಡಿಗೆ ಹೋಗಿ ಇಂಜೆಸುವಿನ ಗಾಡಿಯವನೊಬ್ಬನನ್ನು ಹುಡುಕಿ ಕೇಳಿದ. ಅವನೂ ಅತ್ತೆಯ ಮಾತನ್ನೇ ಹೇಳಿದ.

"ಊರೇ ಹೋಯ್ತಲ್ಲ ಎಫೆಂದಿ, ಯಾವ ದಡದಲ್ಲಿದ್ರೇನು?" ಎಂದ ಓನ್ನಿಕ್.

"ಹೋಗಿರೋದು ಏಳ್ನೇ ಹಾಳೇಲಿ, ಉಸ್ತಾ. ಮಿಕ್ಕವುಗಳಲ್ಲಿ ಇನ್ನೂ ನಮ್ಮದೇ."

ಮೊದಲನೆಯದು ಬಿಟ್ಟು, ಊರು ಬರುವ ಆರು ಕಲ್ಲುಗಳಲ್ಲೂ ಚುಕ್ಕೆಯನ್ನು ಕೆರೆದು, ಉಜ್ಜಿ, ಹೆಸರನ್ನು ಹಿಂದುಮುಂದಾಗಿ ಮತ್ತೆ ಬರೆಯಲು ಮೂರು ದಿನ ಹಿಡಿಯಿತು. ಓನ್ನಿಕ್ ಗೊಣಗುತ್ತಲೇ ಇದ್ದ. ಮೂರನೆಯ ದಿನ ಬಂದು ತಾನೇ ಕಲ್ಲು ಹಿಡಿದ. ಶಾಲೆಗಳ ಅಧಿಕಾರಿ ನೋಡಲು ಬಂದಾಗ ಹಸಿರು ಸ್ವಲ್ಪ ಪೇಲವವಾಯಿತು ಎಂದನೇ ಹೊರತು ಚುಕ್ಕೆಯ ಸುದ್ದಿ ಎತ್ತಲಿಲ್ಲ.

ಮಸಿ ಚೆಲ್ಲಿದ ಹಾಳೆಯೊಂದನ್ನು ನಶಾತ್ ಮನೆಗೆ ತಂದ. ಗುಲ್‌ಸುಮ್ ಅದನ್ನು ಗೋಡೆಗೆ ತೂಗುಹಾಕಲು ಬಿಡಲಿಲ್ಲ. ನೆಲಕ್ಕೆ ಹಾಸಿಸಿ, ಸೂರ್ಯ ಹುಟ್ಟುವ ದಿಕ್ಕಿಗೆ ಸರಿಯಾಗಿ ತಿರುಗಿಸಿ, ಮಂಡಿಯೂರಿ ಕುಳಿತಳು. ಇಲ್ಲಿ ಗಿರಣಿ, ಇಲ್ಲಿ ನಿಮ್ಮಪ್ಪನ ಹೊಗೆಸೊಪ್ಪಿನ ಹೊಲ, ಇದು ಕಿವುಡಿ ಹವ್ವಾಳ ಮನೆ ಎಂದು ಹೇಳತೊಡಗಿದಳು. ಚುಕ್ಕೆಯ ಸುತ್ತ ಜಾಗ ಸಾಲದೆ ನಶಾತ್ ಬೇರೆ ಕಾಗದ ತಂದು, ಸೀಸದಕಡ್ಡಿಯಿಂದ ಬರೆದುಕೊಳ್ಳುತ್ತ ಹೋದ.