ಮಡಕೆಯಲ್ಲಿ ಹೋದ ಮೇಣ

ಬೆಳಿಗ್ಗೆ ಎಂದಿನಂತೆ ಚಹಾಕ್ಕಿಟ್ಟು, ಜೋಳದ ಹಿಟ್ಟಿಗೆಂದು ಒಳಕೋಣೆಗೆ ಹೋದೆ, ಕರೆಂಟ್ ಹೋಯಿತು. ಮೇಣದಬತ್ತಿ ಹಚ್ಚಿ ಹಿಟ್ಟು ತೆಗೆದುಕೊಂಡು ಆರಿಸಿದಾಗ ಎದ್ದ ಆ ವಾಸನೆ... ಕಾನ್ವೆಂಟಿನಲ್ಲಿ ಓದಿದ ನನಗೆ ಅಲ್ಲಿನ ಪ್ರಾರ್ಥನೆ ನೆನಪಾಗಬೇಕಿತ್ತು. ನೆನಪಾದದ್ದು ವೈನಿ.

ಬೀದರಿನಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿದ್ದರು, ಔರಾದ್ ಕಡೆಯವರು. ನೆಂಟರಲ್ಲದಿದ್ದರೂ ನಾನು ಅವರನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ; ಅವರು ನನ್ನನ್ನು ಅಮ್ಮ ಎನ್ನುವಂತೆ 'ಬಾಯಿ' ಎನ್ನುತ್ತಿದ್ದರು. ಮಳೆ ಇಲ್ಲದ ಆ ವರ್ಷಗಳಲ್ಲಿ ಗಂಡನ ಜೊತೆ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ಅಲ್ಲಿ ಗಂಡ ಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಅವನು ಕಡಿಯಬೇಕು, ಅವಳು ಹೊರೆ ಕಟ್ಟಬೇಕು. ಒಬ್ಬರನ್ನೇ ಯಾರೂ ಕರೆದೊಯ್ಯುವುದಿಲ್ಲ.

ಒಂದು ವರ್ಷ ವೈನಿಗೆ ಹೊತ್ತಲ್ಲದ ಹೊತ್ತಿನಲ್ಲಿ ರಕ್ತ ಹೋಗತೊಡಗಿತು. ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಯಿಂದ ಒಂದು ಚೂರು ತೆಗೆದು ನೋಡಿ ಕ್ಯಾನ್ಸರ್ ಎಂದರು. ಆ ಚೂರನ್ನು ಮೇಣದಲ್ಲಿ ಹುದುಗಿಸಿ ಡಬ್ಬಿಯಲ್ಲಿಟ್ಟು ಕೊಟ್ಟರು. ಹೈದರಾಬಾದಿನಲ್ಲಿ ಅದರೊಳಗಿನ ಒಂದು ಪ್ರೋಟೀನು ಎಷ್ಟಿದೆ ಎಂದು ನೋಡಿದರೆ, ರೋಗ ಚಿಕಿತ್ಸೆಗೆ ಬಗ್ಗೀತೋ ಮರಳಿ ಬಂದೀತೋ ಅಂದಾಜು ಸಿಗುತ್ತದೆ ಎಂದರು ಡಾಕ್ಟರಮ್ಮ.

ನಾನೂ ಜೊತೆಗೆ ಹೊರಟೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದರೆ ವೈನಿಯ ಕಂಕುಳಲ್ಲಿ ಪುಟ್ಟ ಮಡಕೆ, ಸುತ್ತ ಒದ್ದೆ ಬಟ್ಟೆ.

"ಮೊಸರೇನ್ರಿ ವೈನಿ?"

"ಅಲ್ರಿ ಬಾಯಿ, ಆ ಡಬ್ಬಿ. ಮೇಣ ಅದ ಅಂದ್ರಲ್ಲ... ಬಿಸಲಿಗಿ ಕರಗಿದ್ರ ಮತ್ತ ಕೊಯ್ತಾರ ನನಗ!"

ದಾರಿಯುದ್ದಕ್ಕೂ ಬಟ್ಟೆಗೆ ನೀರು ಚಿಮುಕಿಸುತ್ತಲೇ ಬಂದರು.

ಪ್ರೋಟೀನು ಬಹಳ ಇತ್ತು, ರೋಗ ಸುಲಭಕ್ಕೆ ಬಗ್ಗುವಂಥದ್ದಲ್ಲ. ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಬೇಕು, ಜೊತೆಗೆ ಔಷಧವನ್ನೂ ಏರಿಸಬೇಕು, ತಡ ಮಾಡಬಾರದು. ಆದರೂ ರೋಗ ಮರಳಬಹುದು ಎಂದರು. ಅಣ್ಣನಿಗೆ, ಅಂದರೆ ವೈನಿಯ ಗಂಡನಿಗೆ, ಹೇಳುವ ಕೆಲಸ ನನಗೆ ಬಂತು. ಓಣಿಯಲ್ಲಿ ಕಬ್ಬಿನ ತಂಡದ ಲಾರಿ ನಿಂತಿತ್ತು.

"ರೋಗ ಭಾಳ ಹಟಮಾರಿ ಅದಂತರಿ," ಎಂದೆ.

ಅಣ್ಣ ಹೆಂಡತಿಯ ಕಡೆ ನೋಡಿದರು. "ನಿನ್ನಂಗೇ ಅದಲ್ಲ!"

ವೈನಿ ಸೆರಗಿನಲ್ಲಿ ನಕ್ಕರು. ಕಣ್ಣು ಮಾತ್ರ ಲಾರಿಯ ಮೇಲಿತ್ತು.

ತಂಡ ಕಟ್ಟುವ ಮುಕಾದಮ ಬಾಗಿಲಿಗೇ ಬಂದ. "ಬ್ಯಾರೆ ಜೋಡಿ ಹಚ್ಚಿ ಕೊಡ್ತೇನಿ, ನೀ ಒಬ್ಬನೇ ಏರು."

"ಬ್ಯಾಡ್ರಿ. ನನ್ನ ಜೋಡಿ ಇಲ್ಲೇ ಕುಂತಾಳ," ಎಂದರು ಅಣ್ಣ.

ಲಾರಿ ಹೋಯಿತು. ಹೈದರಾಬಾದಿನ ಚಿಕಿತ್ಸೆ ಮುಗಿದ ಮೇಲೆ ಅಣ್ಣ ಭಾಲ್ಕಿಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಹಿಡಿದರು. ವೈನಿ ಅದೇ ಮಡಕೆಯಲ್ಲಿ ಮೊಸರಿಗೆ ಹೆಪ್ಪು ಹಾಕಿ, ಸಂಜೆ ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಿದ್ದರು. ಕೆಲವು ವರ್ಷ ಹಾಗೇ ನಡೆಯಿತು... ಆಮೇಲೆ ರೋಗ ಮರಳಿತು. ಔರಾದಿಗೆ ಒಯ್ದರು. ನಾನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಒಂದು ಫೋಟೋ ಸಹ ಇರಲಿಲ್ಲ ಅವರದು.

ಇವತ್ತು ಸಂಜೆ ಪಕ್ಕದ ಮನೆಯಾಕೆ ಕರಿಬೇವಿಗೆ ಬಂದಿದ್ದಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಅವಳದು. ಮನಸ್ಸು ತಡೆಯದೆ ವೈನಿಯ ಮಡಕೆಯ ಕತೆ ಹೇಳಿದೆ. ಎಲೆ ಬಿಡಿಸುತ್ತಲೇ ಅವಳು ಅಂದಳು:

"ಆ ಮೇಣದ ತುಂಡು ಒಗ್ಯಾಂಗಿಲ್ರಿ ಬಾಯಿ, ಭಾಳ ವರ್ಷ ಹಂಗೇ ಇಟ್ಟಿರ್ತಾರ. ಅಲ್ಲೇ ಹೈದರಾಬಾದಿನಾಗ ಎಲ್ಯಾರ ಇರ್ಬೇಕು ನೋಡ್ರಿ ನಿಮ್ಮ ವೈನಿ."