ಸಿದ್ದರಾಜಣ್ಣ ಕಚ್ಚಿದ ಕೆಂಪು ಗಿಲಕಿ

ಸ್ನೇಹಿತರೇ, ಈ ಪೋಸ್ಟನ್ನು ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಚನ್ನಪಟ್ಟಣದ ನಮ್ಮ ಗೊಂಬೆ ಕಾರ್ಖಾನೆಗೆ ಇವತ್ತು ತಪಾಸಣೆ. ನಮ್ಮ ಗಿಲಕಿಗಳನ್ನು ಕೊಳ್ಳುವ ಬೆಂಗಳೂರು ಕಂಪನಿಯ ಮೇಡಂ ಬಂದಿದ್ದರು. ಮರ ಎಲ್ಲಿಯದು, ಅರಗು ಯಾರು ಕೊಡುತ್ತಾರೆ, ಬಣ್ಣಕ್ಕೆ ಏನು ಹಾಕುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಹಳದಿಗೆ ಅರಿಶಿನ ಎಂದು ಜೋರಾಗಿಯೇ ಹೇಳಿದೆ. ಕೆಂಪಿಗೆ ಬಂದಾಗ ಹಳದಿ ಗಿಲಕಿಯನ್ನೇ ಮತ್ತೆ ಮುಂದಿಟ್ಟೆ. ಹೋದ ವಾರ ಗಿಡದಿಂದ ತೆಗೆದ ಕೆಂಪು ಮುಗಿದಿತ್ತು. ಆರ್ಡರ್ ತಪ್ಪೀತೆಂದು ಪೇಟೆಯಿಂದ ಲೇಬಲ್ ಇಲ್ಲದ ಪುಡಿ ತಂದು ಅರಗಿಗೆ ಬೆರೆಸಿದವಳು ನಾನು. ಯಾರಿಗೂ ಹೇಳಿರಲಿಲ್ಲ.

"ಮಗು ಬಾಯಿಗೆ ಹಾಕ್ಕೊಂಡ್ರೆ ಏನೂ ಆಗಲ್ವಾ?" ಎಂದರು ಮೇಡಂ.

ನಾನು ಉತ್ತರಿಸುವ ಮೊದಲೇ ನಮ್ಮ ಹಿರಿಯ ಕೆಲಸಗಾರ ಸಿದ್ದರಾಜಣ್ಣ ಮರ ಕಡೆಯುತ್ತಿದ್ದ ಲೇತ್ ನಿಲ್ಲಿಸಿದರು. "ನಾವ್ ಹಚ್ಚಿದ್ ಬಣ್ಣನ ನಾವೇ ನೆಕ್ಕಿ ನೋಡ್ತೀವಿ ಮೇಡಮ್ನೋರೆ, ಏನಾಯ್ತದೆ?" ಎನ್ನುತ್ತಾ ಕೆಂಪು ಗಿಲಕಿಯನ್ನು ಕಚ್ಚಿ ಚೀಪಿಬಿಟ್ಟರು. ಅದು ಅವರ ಹಳೆಯ ಅಭ್ಯಾಸ.

ಮೇಡಂ ನಕ್ಕು, 'ಸುರಕ್ಷಿತ' ಎಂದು ಬರೆದುಕೊಂಡು ಹೊರಟರು. ಕಾರು ಮರೆಯಾದದ್ದೇ ನಾನು ಚೊಂಬು ಹಿಡಿದು ಓಡಿದೆ. "ಅಣ್ಣಾ, ಉಗೀರಿ! ಬಾಯಿ ಮುಕ್ಕಳಿಸಿ!"

"ಯಾಕವ್ವಾ, ಇದು ನಮ್ ಬಣ್ಣ ಅಲ್ವಾ?"

ನಿಜ ಹೇಳಿದೆ. ಅವರು ಬಾಯಿ ಮುಕ್ಕಳಿಸಿ, ಪ್ಯಾಕ್ ಆಗಿ ನಿಂತಿದ್ದ ಡಬ್ಬಗಳನ್ನು ನೋಡಿದರು. "ಹಂಗಾರೆ ಒಂದೊಂದ್ ಗಿಲಕಿ ಜೊತೇಲೂ ಒಂದೊಂದ್ ಚೊಂಬು ನೀರ್ ಕಳ್ಸವ್ವಾ."

ಡಬ್ಬಗಳನ್ನೆಲ್ಲ ಬಿಚ್ಚಿ ಕುಳಿತಿದ್ದೇನೆ. ಮೇಡಂಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ. ಹೋಗುವಾಗ ಅವರು ಇಲ್ಲಿ ಫ್ರೆಂಡ್ ರಿಕ್ವೆಸ್ಟ್ ಕಳಿಸಿದ್ದರು. ಈಗಷ್ಟೇ ಒಪ್ಪಿಕೊಂಡೆ.