ಸತ್ತ ಸೈನಿಕರ ದಿಕ್ಕು

ಗೆಳೆಯರೇ, ಇವತ್ತು ಬೆಳಿಗ್ಗೆ ಸುರಪುರದ ನಮ್ಮ ಪಡಸಾಲೆಯಲ್ಲಿ ಒಂದು ಯುದ್ಧ ಹೇಗೆ ನಿಂತಿತು ಕೇಳಿ. ಮಗಳು ಸಿಂಚನಾ ಸೈನಿಕರ ಕಾರ್ಡಿನ ಆಟಕ್ಕೆ ಬಟ್ಟೆ ಹಾಸಿದ್ದಳು. ಎಳೆಯುವ ಕಾರ್ಡುಗಳ ಕಟ್ಟು ಒಂದು ಮೂಲೆಗೆ, ರಣರಂಗ ನಡುವೆ, ಸತ್ತವರ ಗುಡ್ಡೆ ಪೂರ್ವದ ಕಿಟಕಿಯ ಕಡೆಗೆ. ನನ್ನ ಒಂಬತ್ತು ಸೈನಿಕರು ಆಗಲೇ ಆ ಗುಡ್ಡೆ ಸೇರಿದ್ದರು. ಉಳಿದವನು ಒಬ್ಬನೇ.

ಜೋಳ ಹಸನು ಮಾಡಲು ಮೊರ ಹಿಡಿದು ಬಂದ ಅತ್ತೆ ಅಲ್ಲೇ ನಿಂತರು.

"ಅವು ಯಾಕ ಬ್ಯಾರೆ ಇಟ್ಟೀರಿ?"

"ಅವ್ರು ಸತ್ತಾರ, ಆಯಿ," ಎಂದಳು ಸಿಂಚನಾ.

"ಸತ್ತೋರ್ನ ಪೂರ್ವಕ್ಕ ಇಡ್ತಾರೇನ? ದಕ್ಷಿಣಕ್ಕ ಇಡ್ರಿ."

"ಆಯಿ, ಇವು ಬರೇ ಕಾರ್ಡ್ ಅದಾವ!"

"ಸತ್ತಾರಂತ ನೀನ ಹೇಳಿದೆಲ್ಲ?"

ಮೊರ ಕೆಳಗಿಟ್ಟವರೇ ಬಟ್ಟೆಯ ತುದಿ ಹಿಡಿದು ಗರ್ರನೆ ತಿರುಗಿಸಿದರು. ಸತ್ತವರು, ಬದುಕಿದ್ದವರು ಎಲ್ಲ ಕಲಸಿಹೋದರು.

"ಮಮ್ಮಿ, ನಾ ಗೆಲ್ಲಾಕತ್ತಿದ್ದೆ! ನೀನರೆ ಆಯಿಗೆ ಹೇಳು!"

"ಆಯಿ ಹೇಳೋದು ಖರೇ ಅದ," ಎಂದೆ.

ಮದುವೆಯಾದ ಈ ಹದಿನಾಲ್ಕು ವರ್ಷಗಳಲ್ಲಿ ಅತ್ತೆಯ ಮಾತನ್ನು ನಾನು ಇಷ್ಟು ಬೇಗ ಒಪ್ಪಿದ್ದು ಇದೇ ಮೊದಲು. ಆಗಿನಿಂದ ಅವರು ನನ್ನನ್ನು ಅನುಮಾನದಿಂದ ನೋಡುತ್ತಿದ್ದಾರೆ.